ಮುಹೂರ್ತದ ರೇಟು



2024ರ ಡಿಸೆಂಬರ್ ತಿಂಗಳ ಒಂದು ಸಂಜೆ ನಾವು ಆದವಾನಿಯಲ್ಲಿ, ಬಹಳ ವರ್ಷಗಳಿಂದ ಪರಿಚಯವಿರುವ ಒಂದು ಕುಟುಂಬದ ಮನೆಯಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆವು. ಬಸ್ಸಿನ ಬೋರ್ಡಿನ ಮೇಲೆ 'ಆದೋನಿ' ಎಂದಿರುತ್ತದೆ. ಆದರೆ ಬಳ್ಳಾರಿ ಕಡೆಯ ಜನರ ಬಾಯಲ್ಲಿ ಅದು ಇನ್ನೂ ಆದವಾನಿಯೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ನಮ್ಮ ಕಡೆಗೂ, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಕಡೆಗೂ ಹಂಚಿಹೋದವು. ಅಂಗಡಿಗಳ ಬೋರ್ಡು ತೆಲುಗಾಯಿತು. ಕೆಲವು ಮನೆಗಳ ಅಡುಗೆಮನೆಯಲ್ಲಿ ಕನ್ನಡ ಉಳಿದುಕೊಂಡಿತು. ನಾವು ಹೋಗಿದ್ದು ಅಂಥ ಒಂದು ಮನೆಗೆ.

ಆ ಮನೆಯ ಯಜಮಾನರಿಗೆ ಊರಾಚೆ ಐದು ಎಕರೆ ಹತ್ತಿ ಹೊಲವಿದೆ, ಮಳೆಯನ್ನೇ ನಂಬಿದ ಭೂಮಿ. ಇಪ್ಪತ್ತೈದು ವರ್ಷದ ಮಗ ಮದುವೆ ವೀಡಿಯೊಗಳನ್ನು ಎಡಿಟ್ ಮಾಡುತ್ತಾನೆ. ಅವನ ತಂಗಿಯ ಮದುವೆ ಮಾಡಬೇಕಿದೆ. ಚಹಾ ಮುಗಿಯುವಷ್ಟರಲ್ಲಿ ತಂದೆ ಮಾತು ತೆಗೆದರು.

"ಫಾದರ್, ಇವ್ನಿಗೆ ಒಂದು ತಿಂಗಳಿಂದ ಊಟ ಸೇರವಲ್ದು, ನಿದ್ದೆ ಸೇರವಲ್ದು. ಯಾವ್ದೋ ಕಾರ್ಡ್ ಬರ್ತೈತಂತ. ರೇಷನ್ ಕಾರ್ಡ್ ಗೊತ್ತು, ಆಧಾರ್ ಕಾರ್ಡ್ ಗೊತ್ತು. ಇದ್ಯಾವ ಕಾರ್ಡೋ ನೀವೇ ಕೇಳ್ರಿ."

ಕೇಳಿದೆವು. ಗ್ರಾಫಿಕ್ಸ್ ಕಾರ್ಡ್ ಎಂದ. ಕಂಪ್ಯೂಟರಿನೊಳಗೆ ಹಾಕುವ ವಸ್ತು. ಎನ್‌ವಿಡಿಯಾ ಎಂಬ ಅಮೆರಿಕದ ಕಂಪನಿ ಜನವರಿಯಲ್ಲಿ ಹೊಸದನ್ನು ತೋರಿಸಲಿದೆ, ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ತನಗೆ ಬೇಕು ಎಂದ. ಬೆಲೆ ಎಷ್ಟು ಎಂದರೆ, "ಇನ್ನೂ ಹೇಳಿಲ್ಲ ಫಾದರ್, ಎರಡು ಲಕ್ಷದ ಮೇಲೆ ಇರಬಹುದು" ಎಂದ. ನಾವು ಹಿಂದೆ ಮುಂದೆ ನೋಡದೆ, "ಆಟ ಆಡುವುದಕ್ಕೆ ಎರಡು ಲಕ್ಷವೇನಪ್ಪಾ?" ಎಂದುಬಿಟ್ಟೆವು. ತಂದೆಗೆ ಸಮಾಧಾನವಾಯಿತು. ಹುಡುಗ ತಲೆ ತಗ್ಗಿಸಿಕೊಂಡು ಒಳಗೆ ಹೋದ. ಉಪದೇಶ ಕೊಟ್ಟೆವೆಂಬ ತೃಪ್ತಿಯಲ್ಲಿ ನಾವೂ ಎದ್ದೆವು. ಇಂಥ ತೃಪ್ತಿ ನಮ್ಮಂಥವರಿಗೆ ಬೇಗ ಬರುತ್ತದೆ.

ಬಾಗಿಲ ಬಳಿ ಹುಡುಗ ಮತ್ತೆ ಬಂದು, "ಐದು ನಿಮಿಷ ಫಾದರ್, ನನ್ನ ಕೆಲಸ ನೋಡಿ ಹೋಗಿ" ಎಂದ. ಕಡಪ ಕಲ್ಲಿನ ಚಪ್ಪರದ ಸಣ್ಣ ಕೋಣೆ. ಪರದೆಯ ಮೇಲೆ ಒಂದು ಮದುವೆ ನಡೆಯುತ್ತಿತ್ತು, ಅಂದರೆ ನಿಂತು ನಿಂತು ನಡೆಯುತ್ತಿತ್ತು. ಮದುಮಗ ಕೈ ಎತ್ತಿದವನು ಹಾಗೇ ನಿಲ್ಲುತ್ತಾನೆ, ಮೂರು ಸೆಕೆಂಡಿನ ನಂತರ ತಾಳಿ ಕಟ್ಟಿಯಾಗಿರುತ್ತದೆ. ಹುಡುಗನ ಬಳಿ ಇದ್ದದ್ದು 2019ರಲ್ಲಿ ಬಂದ ಜಿಟಿಎಕ್ಸ್ 1650 ಎಂಬ ಹಳೆಯ ಕಾರ್ಡು, ನಾಲ್ಕು ಜಿಬಿಯದು. ಚಿತ್ರವನ್ನು ಜೋಡಿಸಿ ಮುಗಿಸಿದ ಮೇಲೆ ರಾತ್ರಿಯಿಡೀ ಯಂತ್ರ ಓಡಬೇಕು. ನಡುವೆ ಕರೆಂಟು ಹೋದರೆ ಬೆಳಿಗ್ಗೆ ಮತ್ತೆ ಮೊದಲಿನಿಂದ.

ಈ ಕಾರ್ಡು ಮಾಡುವ ಕೆಲಸವನ್ನು ಅವನು ಹೇಳಿಕೊಟ್ಟದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಒಬ್ಬ ಬುದ್ಧಿವಂತ ಗುಮಾಸ್ತನಂತೆ. ಕಷ್ಟದ ಲೆಕ್ಕವನ್ನೂ ಮಾಡುತ್ತಾನೆ, ಆದರೆ ಒಂದಾದ ಮೇಲೆ ಒಂದು. ಹೊಲದಲ್ಲಿ ಹತ್ತಿ ಒಡೆದು ನಿಂತಾಗ ಗುಮಾಸ್ತನಿಂದ ಏನು ಪ್ರಯೋಜನ? ಬೇಕಾದದ್ದು ಸಾಲು ಸಾಲಾಗಿ ನಿಂತು ಒಟ್ಟಿಗೆ ಬಿಡಿಸುವ ಕೈಗಳು. ಗ್ರಾಫಿಕ್ಸ್ ಕಾರ್ಡ್ ಅಂಥ ಕೈಗಳ ಗುಂಪು. 4ಕೆ ಎನ್ನುವ ಚಿತ್ರದಲ್ಲಿ 82,94,400 ಚುಕ್ಕೆಗಳು. ಸೆಕೆಂಡಿಗೆ 25 ಚಿತ್ರದಂತೆ ಒಂದು ಗಂಟೆಗೆ 90,000 ಚಿತ್ರಗಳು. ಪ್ರತಿ ಚುಕ್ಕೆಗೂ ಬಣ್ಣ ಹಾಕಬೇಕು. ಹುಡುಗ ಕಾಯುತ್ತಿದ್ದ ಆರ್‌ಟಿಎಕ್ಸ್ 5090 ಎಂಬ ಕಾರ್ಡಿನಲ್ಲಿ ಅಂಥ ಕೈಗಳು 21,760. ಅವಕ್ಕೆ ಬೇಕಾದ ನೆನಪಿನ ಜಾಗ 32 ಜಿಬಿ.

ಗುಮಾಸ್ತನ ಮಾತು ಬಂದಾಗ ನಮಗೆ ಗುರುಮಠದ ದಿನಗಳು ನೆನಪಾದವು. 1999ರಲ್ಲಿ ಇದೇ ಕಂಪನಿ ಜಿಫೋರ್ಸ್ 256 ಎಂಬ ಕಾರ್ಡನ್ನು ಹೊರತಂದಾಗ ನಾವು ಗುರುಮಠಕ್ಕೆ ಹೊಸಬರು. ಅಲ್ಲಿದ್ದ ಒಂದೇ ಒಂದು ಕಂಪ್ಯೂಟರಿಗೆ ಹೂವಿನ ಕಸೂತಿಯ ಮುಸುಕು ಹೊದಿಸಿರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ವಾರಕ್ಕೆ ಅರ್ಧ ಗಂಟೆಯ ಆ ಸರದಿಗಾಗಿ ನಾವು ಕಾದ ಪರಿಯನ್ನು ನೆನೆದರೆ ಆ ಹುಡುಗನಿಗೆ ಉಪದೇಶ ಮಾಡಲು ನಾಲಿಗೆ ಏಳಬಾರದಿತ್ತು.

ಕ್ರಿಸ್ಮಸ್ ಮುಗಿಯಿತು. ಹುಡುಗ ದಿನವೂ ಫೋನಿನಲ್ಲಿ ಗಾಳಿಸುದ್ದಿ ಓದುತ್ತಿದ್ದ. ಇಷ್ಟು ವ್ಯಾಟ್ ಅಂತೆ, ಇಷ್ಟು ಡಾಲರ್ ಅಂತೆ. ಕಾಯುವುದರಲ್ಲಿ ಒಂದು ವಿಚಿತ್ರವಿದೆ. ಬೆಲೆ ಗೊತ್ತಾಗುವ ಮೊದಲೇ ಮನಸ್ಸು ವಸ್ತುವನ್ನು ಮನೆಗೆ ತಂದು ಇಟ್ಟುಕೊಂಡಿರುತ್ತದೆ. ಆಮೇಲೆ ಬೆಲೆ ಎಷ್ಟೇ ಆದರೂ ಅದು ಬೆಲೆಯಾಗಿ ಕಾಣುವುದಿಲ್ಲ, ನಡುವೆ ಅಡ್ಡ ಬಂದ ತೊಂದರೆಯಾಗಿ ಕಾಣುತ್ತದೆ.

ಜನವರಿ 6ರ ಸಂಜೆ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಹತ್ತಿದರು. ನಮಗೆ ಅದು 7ನೇ ತಾರೀಖು ಬೆಳಿಗ್ಗೆ ಎಂಟು ಗಂಟೆ. ನಾವೂ ಉಪಾಹಾರ ಬಿಟ್ಟು ನೋಡಿದೆವು ಎಂದು ಒಪ್ಪಿಕೊಳ್ಳಬೇಕು. ಹೊಳೆಯುವ ಕಪ್ಪು ಜಾಕೆಟ್ಟು, ಕೈಯಲ್ಲಿ ಕಾರ್ಡು. ಚಿಪ್ಪಿನಲ್ಲಿ 9,200 ಕೋಟಿ ಟ್ರಾನ್ಸಿಸ್ಟರುಗಳು ಎಂದರು. ಬೆಲೆ 1,999 ಡಾಲರ್. ಭಾರತದಲ್ಲಿ 2,14,000 ರೂಪಾಯಿಯಿಂದ ಆರಂಭ. ಡಾಲರಿಗೆ ಆಗ ಸುಮಾರು 86 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿಸಿದರೆ ಎರಡು ಲಕ್ಷ ದಾಟುತ್ತದೆ. ಅದಕ್ಕಿಂತ ಮುಂಚಿನ 4090 ಕಾರ್ಡು 2022ರ ಅಕ್ಟೋಬರಿನಲ್ಲಿ ಬಂದಾಗ 1,55,000 ಇತ್ತು.

ನಾವು ಒಂದು ಕಾಗದ ತೆಗೆದುಕೊಂಡು ಆದವಾನಿಯ ಲೆಕ್ಕ ಹಾಕಿದೆವು. ಆ ಹಂಗಾಮಿನಲ್ಲಿ ಉದ್ದ ಎಳೆಯ ಹತ್ತಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 7,521 ರೂಪಾಯಿ. ಅಂದರೆ ಒಂದು ಕಾರ್ಡಿಗೆ ಇಪ್ಪತ್ತೆಂಟೂವರೆ ಕ್ವಿಂಟಾಲ್ ಹತ್ತಿ. ಎಕರೆಗೆ ಐದು ಕ್ವಿಂಟಾಲ್ ಬಂತೆಂದುಕೊಂಡರೂ ಆ ತಂದೆಯ ಐದು ಎಕರೆಯ ಪೂರಾ ಬೆಳೆ ಸಾಲದು. ಬೀಜ, ಗೊಬ್ಬರ, ಔಷಧಿ, ಕೂಲಿ ಬೇರೆ. ಇನ್ನೊಂದು ಲೆಕ್ಕ: 2024-25ರಲ್ಲಿ ಆಂಧ್ರದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 300 ರೂಪಾಯಿ. ಕಾರ್ಡಿನ ಬೆಲೆಗೆ 713 ದಿನ. ಆಗ ವರ್ಷಕ್ಕೆ ಒಂದು ಮನೆಗೆ ನೂರು ದಿನದ ಕೆಲಸವಿತ್ತು, ಅಂದರೆ ಏಳು ವರ್ಷ. ಕೋಸಿಗಿ, ಕೌತಾಳಂ ಕಡೆಯ ಹಳ್ಳಿಗಳಲ್ಲಿ 'ಸುಗ್ಗಿಗೆ ಹೋದರು' ಎಂದರೆ ಹಬ್ಬಕ್ಕೆ ಹೋದರು ಎಂದಲ್ಲ. ಬೀಗ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋದರು ಎಂದು. ಆ ಸೀಮೆಯಲ್ಲಿ ಕುಳಿತು ಈ ಬೆಲೆಯನ್ನು ಓದಬೇಕು.

ಸಂಕ್ರಾಂತಿಗೆ ಎರಡು ದಿನ ಮುಂಚೆ ಮತ್ತೆ ಹೋದೆವು. ಮನೆಯಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಜನವರಿ 30ಕ್ಕೆ ಮಾರಾಟ ಶುರು, ಮೊದಲ ನಿಮಿಷಗಳಲ್ಲೇ ಖಾಲಿಯಾಗುತ್ತದೆ, ಆದ್ದರಿಂದ ಹಣ ಕೈಯಲ್ಲಿರಬೇಕು ಎಂದು ಹುಡುಗ ಮುಂಚೆಯೇ ಏರ್ಪಾಟು ಮಾಡಿಕೊಂಡಿದ್ದ. ಮೂರು ಮದುವೆಗಳ ಮುಂಗಡ ಸ್ವಲ್ಪ. ಉಳಿದದ್ದು ತಾಯಿಯ ಕೊರಳಿನ ಎರಡೂವರೆ ತೊಲದ ಸರ. ತಾಯಿಯೇ ಬಿಚ್ಚಿಕೊಟ್ಟಿದ್ದರು. ಅದು ಮಗಳ ಮದುವೆಗೆಂದು ಇಟ್ಟಿದ್ದ ಸರ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಅಡವು. ತಂದೆಗೆ ಗೊತ್ತಾದದ್ದು ಹಬ್ಬಕ್ಕೆ ಸರ ಹಾಕಿಕೋ ಎಂದಾಗ.

ತಂದೆ ಬೈಯುತ್ತಾರೆ ಎಂದುಕೊಂಡಿದ್ದೆವು. ಅವರು ಬಹಳ ಹೊತ್ತು ಸುಮ್ಮನಿದ್ದು ಹೆಂಡತಿಯ ಕಡೆ ನೋಡಿ, "ನನಗೆ ಹೇಳಿದ್ರೆ ಬ್ಯಾಡ ಅಂತಾನ ಅಂತ ನೀವೇ ಅಂದ್ಕಂಡ್ರಿ. ಕೇಳಿ ನೋಡಿದ್ರೇನು?" ಎಂದರು. ಎರಡು ಲಕ್ಷ ಅವರನ್ನು ಅಷ್ಟಾಗಿ ನೋಯಿಸಿರಲಿಲ್ಲ, ಇದು ನೋಯಿಸಿತ್ತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ತಂಗಿ, ಪಾಪ, "ನನಗೇನೂ ಬೇಡ" ಎಂದಳು. ಆ ಮಾತು ಯಾರಿಗೂ ಸಮಾಧಾನ ತರಲಿಲ್ಲ. ಮಗಳು ಬೇಡ ಎಂದಳೆಂದು ಲೆಕ್ಕದಿಂದ ಹೊಡೆದುಹಾಕುವ ಮನೆಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಆಮೇಲೆ ತಂದೆ ಮಗನಿಗೆ ಕೇಳಿದ ಪ್ರಶ್ನೆ ನಮಗೆ ಹೊಳೆದಿರಲಿಲ್ಲ. "ಜನವರಿ 30ರ ರೇಟು ಇದು. ಮಾರ್ಚಿನಾಗ ಏನು ರೇಟು?" ಹುಡುಗ ಗೊತ್ತಿಲ್ಲ ಎಂದ. "ಹತ್ತಿ ಹಂಗಾಮು ಶುರುವಾದ ದಿನ ಯಾರ್ಡಿನಾಗ ಪೂಜಿ ಮಾಡ್ತಾರ. ಕಾಯಿ ಒಡದು, ಮೊದಲನೇ ಚೀಲಕ್ಕ ಒಂದು ರೇಟು ಕೂಗ್ತಾರ. ಹಾರ ಹಾಕಿ ಫೋಟೊ ತಗೀತಾರ. ಅದು ಮುಹೂರ್ತದ ರೇಟು, ವ್ಯಾಪಾರದ ರೇಟಲ್ಲ. ಮುಹೂರ್ತದ ರೇಟು ನಂಬಿ ಸಾಲ ಮಾಡಿದವ ಯಾವನೂ ಉಳಿದಿಲ್ಲ." ಇಷ್ಟು ವರ್ಷ ರಾಶಿಯ ಮುಂದೆ ಕುಳಿತು, ಬೇರೆಯವರು ಕಟ್ಟುವ ಬೆಲೆಗೆ ಕಾದವರ ಮಾತು ಅದು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವ ಶುಭಸಂದೇಶದ ಸಾಮತಿಯನ್ನು ನಾವು ಎತ್ತಲಿಲ್ಲ. ಎತ್ತುವ ಅಗತ್ಯ ಉಳಿದಿರಲಿಲ್ಲ.

ಆದರೆ ನ್ಯಾಯಕ್ಕಾಗಿ ಹುಡುಗನ ಉತ್ತರವನ್ನೂ ಹೇಳಬೇಕು. ಕಾದರೆ ಯಾವಾಗಲೂ ಬೆಲೆ ಇಳಿಯುತ್ತದೆ ಎನ್ನುವಂತಿಲ್ಲ ಎಂದ. 2020ರ ಸೆಪ್ಟೆಂಬರಿನಲ್ಲಿ 3080 ಎಂಬ ಕಾರ್ಡು 699 ಡಾಲರಿಗೆ ಬಂತು. ಕೋವಿಡ್ ಕಾಲ, ಚಿಪ್ಪುಗಳ ಕೊರತೆ, ಅದರ ಮೇಲೆ ಕ್ರಿಪ್ಟೊ ನಾಣ್ಯ 'ಗಣಿಗಾರಿಕೆ' ಮಾಡುವವರು ಕಾರ್ಡುಗಳನ್ನು ಮೂಟೆಗಟ್ಟಲೆ ಕೊಂಡರು. 2021ರಲ್ಲಿ ಕಾದು ಕುಳಿತವರು ದುಪ್ಪಟ್ಟು ಕೊಡಬೇಕಾಯಿತು. ಈಗ ಕೃತಕ ಬುದ್ಧಿಮತ್ತೆಯ ಕಾಲ. 2025ರ ಜನವರಿಗೆ ಮುಗಿದ ಲೆಕ್ಕದ ವರ್ಷದಲ್ಲಿ ಎನ್‌ವಿಡಿಯಾದ ಆದಾಯ 130 ಶತಕೋಟಿ ಡಾಲರ್ ದಾಟಿತು. ಅದರಲ್ಲಿ ಆಟದ ಕಾರ್ಡುಗಳ ಪಾಲು ನೂರಕ್ಕೆ ಸುಮಾರು ಒಂಬತ್ತು ಮಾತ್ರ, ಉಳಿದದ್ದು ಹೆಚ್ಚಾಗಿ ದೊಡ್ಡ ಡೇಟಾ ಕೇಂದ್ರಗಳಿಂದ. ದೊಡ್ಡ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಚಿಲ್ಲರೆ ಗಿರಾಕಿಗೆ ಯಾರು ಬೆಲೆ ಇಳಿಸುತ್ತಾರೆ? ಹುಡುಗ ಸುಮ್ಮನೆ ಹಟ ಮಾಡುತ್ತಿರಲಿಲ್ಲ, ವಿಷಯ ತಿಳಿದೇ ಹೆದರಿದ್ದ.

ಹಾಗಾದರೆ ಮಾಡುವುದೇನು? ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದನ್ನು ಬಿಟ್ಟು, ಅವನ ಕೆಲಸಕ್ಕೆ ಏನು ಬೇಕು ಎಂದು ಬರೆಯೋಣ ಎಂದೆವು. ತಂಗಿ ನೋಟ್‌ಬುಕ್ ತಂದಳು. ಆ ರಾತ್ರಿ ಊಟ ತಡವಾಯಿತು. ಹೊಸ ಕ್ಯಾಮೆರಾಗಳು ಬಣ್ಣವನ್ನು 4:2:2 ಎಂಬ ವಿವರವಾದ ರೀತಿಯಲ್ಲಿ ದಾಖಲಿಸುತ್ತವೆ. ಅದೇ ಅವನ ಹಳೆಯ ಕಾರ್ಡಿನಲ್ಲಿ ಮದುಮಗನ ಕೈಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದು. ಅದನ್ನು ನೇರವಾಗಿ ಓದಿ ಬರೆಯುವ ಸೌಲಭ್ಯ ಈ ಹೊಸ 50ರ ಸಾಲಿನ ಕಾರ್ಡುಗಳಲ್ಲಿ ಬಂದಿತ್ತು. ದೊಡ್ಡ 5090ರಲ್ಲಿ ಮಾತ್ರವಲ್ಲ, ಮಾರ್ಚಿನಲ್ಲಿ ಬರಲಿದ್ದ 59,000 ರೂಪಾಯಿಯ 5070ರಲ್ಲೂ ಇತ್ತು. ದೊಡ್ಡದರಲ್ಲಿ ಬರೆಯುವ ಯಂತ್ರ ಮೂರು, ಚಿಕ್ಕದರಲ್ಲಿ ಒಂದು. ಇವನ ಬಳಿ ಇರುವುದು ಒಂದು ಮದುವೆ, ಒಂದು ಪರದೆ. ವೇದಿಕೆಯ ಮೇಲೆ ಬಹಳ ಚಪ್ಪಾಳೆ ಪಡೆದ ಮಾತು, 549 ಡಾಲರಿನ 5070 ಹಳೆಯ 4090ಕ್ಕೆ ಸಮ ಎಂಬುದು. ಅದು ಆಟಗಳಲ್ಲಿ ಒಂದು ಚಿತ್ರವನ್ನು ನಿಜವಾಗಿ ಬರೆದು, ಮೂರನ್ನು ಕೃತಕ ಬುದ್ಧಿಯಿಂದ ಊಹಿಸಿ ಸೇರಿಸುವ ವಿದ್ಯೆಯ ಮೇಲೆ ನಿಂತದ್ದು. ಊಹಿಸಿದ ಚಿತ್ರ ಮದುವೆಗೆ ಬರುವುದಿಲ್ಲ. ಹುಡುಗ ಇದನ್ನು ತಾನೇ ಹೇಳಿ ತಾನೇ ನಕ್ಕ. "ರಾತ್ರಿ ಸ್ವಲ್ಪ ಆಡುವ ಆಸೆಯೂ ಇತ್ತು ಫಾದರ್" ಎಂದ. ಆ ಒಂದು ಮಾತು ಡಿಸೆಂಬರಿನಲ್ಲೇ ಬರಬಹುದಿತ್ತು, ನಾವು ಬಾಯಿ ಮುಚ್ಚಿಕೊಂಡಿದ್ದರೆ.

ಕರೆಂಟಿನ ಲೆಕ್ಕ ತಾಯಿ ಕೇಳಿದರು. 5090 ಪೂರ್ತಿ ದುಡಿದರೆ 575 ವ್ಯಾಟ್. ಮನೆಯ ಸಾಧಾರಣ ಫ್ಯಾನು 75 ಎಂದುಕೊಂಡರೆ ಏಳೂವರೆಗಿಂತ ಹೆಚ್ಚು ಫ್ಯಾನಿನ ಕರೆಂಟು, ಎರಡು ಗಂಟೆಯೊಳಗೆ ಒಂದು ಯೂನಿಟ್. ಅದಕ್ಕೆ ಕಂಪನಿಯವರು 1,000 ವ್ಯಾಟಿನ ಪವರ್ ಸಪ್ಲೈ ಹೇಳುತ್ತಾರೆ, ಅದರ ದುಡ್ಡು ಬೇರೆ. ಇವರ ಯುಪಿಎಸ್ ಸಾಲದು. ಫ್ಯಾನಾದರೋ ಗಾಳಿ ಕೊಡುತ್ತದೆ, ಇದು ಬಿಸಿ ಕೊಡುತ್ತದೆ. ಮೇ ತಿಂಗಳಲ್ಲಿ ಆದವಾನಿಯ ಕಲ್ಲಿನ ಚಪ್ಪರದ ಕೆಳಗೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಮೊದಲು ಹುಡುಗ ಬೇಯ್ತಾನ, ಆಮೇಲೆ ವೀಡಿಯೊ ಬೇಯ್ತೈತಿ" ಎಂದರು ತಾಯಿ. ಆ ಸಂಜೆ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಜನವರಿ 30 ಬಂತು. ಅಮೆರಿಕದಲ್ಲಿ ಕೆಲವರು ಅಂಗಡಿಯ ಮುಂದೆ ದಿನಗಟ್ಟಲೆ ಟೆಂಟು ಹಾಕಿಕೊಂಡು ಕಾದಿದ್ದರು. ಆನ್‌ಲೈನಿನಲ್ಲಿ ನಿಮಿಷಗಳಲ್ಲಿ ಖಾಲಿ. ಕಂಪನಿ ಕೂಗಿದ ಬೆಲೆಗೆ ಸಿಕ್ಕವರು ಕಡಿಮೆ, ಉಳಿದವರು ಮೇಲೆ ಕೊಟ್ಟು ಕೊಂಡರು. ಫೆಬ್ರುವರಿಯಲ್ಲಿ ಇನ್ನೊಂದು ಸುದ್ದಿ: ಕೆಲವು ಕಾರ್ಡುಗಳಲ್ಲಿ ಇರಬೇಕಾದ ಘಟಕಗಳಲ್ಲಿ ಕೆಲವು ತಯಾರಿಕೆಯಲ್ಲೇ ತಪ್ಪಿಹೋಗಿವೆ, ಶೇಕಡಾ 0.5ಕ್ಕಿಂತ ಕಡಿಮೆ ಕಾರ್ಡುಗಳಿಗೆ ಹೀಗಾಗಿದೆ, ಬದಲಿಸಿಕೊಡುತ್ತೇವೆ ಎಂದು ಎನ್‌ವಿಡಿಯಾವೇ ಒಪ್ಪಿಕೊಂಡಿತು. ಇದನ್ನು ಓದಿ ನಮಗೆ ನಮ್ಮದೇ ಒಂದು ಕಥೆ ನೆನಪಾಯಿತು. ಹಿಂದೆ ನಾವಿದ್ದ ಒಂದು ಧರ್ಮಕೇಂದ್ರದಲ್ಲಿ ಗಾಯನ ವೃಂದಕ್ಕೆ ಹೊಸ ಮಾದರಿಯ ಕೀಬೋರ್ಡು ಬರುತ್ತದೆಂದು ಮೂರು ತಿಂಗಳು ಕಾದು, ಬಂದ ವಾರವೇ ಕೊಂಡಿದ್ದೆವು. ಈಸ್ಟರ್ ರಾತ್ರಿ ಮಹಿಮಾಗೀತೆಯ ನಡುವೆ ಅದರ ಬಲಗಡೆಯ ಐದು ಮನೆಗಳು ಮೌನವಾದವು. ಆರ್ಥಿಕ ಸಮಿತಿಯ ಹಿರಿಯರು ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಫೆಬ್ರುವರಿ ಮೊದಲ ವಾರದಲ್ಲಿ ಸರ ಬಿಡಿಸಿ ತಂದರು. ಬಡ್ಡಿಯನ್ನು ಹುಡುಗ ತನ್ನ ದುಡಿಮೆಯಿಂದ ಕೊಟ್ಟ. ಏಪ್ರಿಲಿನಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ದಾಟಿದಾಗ ತಾಯಿ ನಮಗೆ ಫೋನ್ ಮಾಡಿದ್ದರು. ಬೇರೆ ಏನನ್ನೂ ಹೇಳಲಿಲ್ಲ, ಪೇಪರ್ ನೋಡಿದ್ರಾ ಫಾದರ್ ಎಂದು ಮಾತ್ರ ಕೇಳಿದರು. ಎಲ್ಲವೂ ಸಲೀಸಾಗಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಹಂಗಾಮಿನಲ್ಲಿ ಹುಡುಗ ಹಳೆಯ ಕಾರ್ಡಿನಲ್ಲೇ ದುಡಿದ. ಎಮ್ಮಿಗನೂರಿನ ಒಂದು ಮದುವೆಯವರು ವೀಡಿಯೊ ತಡವಾಯಿತೆಂದು ಬಾಕಿ ಹಣ ಕೊಡಲಿಲ್ಲ. ಇನ್ನೊಂದು ಕೆಲಸ ಬೇರೆ ಸ್ಟುಡಿಯೋಗೆ ಹೋಯಿತು. "ಆವತ್ತೇ ತಗೊಂಡಿದ್ದರೆ" ಎಂದು ಅವನು ಎರಡು ಸಲ ಅಂದದ್ದುಂಟು. ಅದರಲ್ಲೂ ಸತ್ಯವಿದೆ.

ಜೂನಿನಲ್ಲಿ, ಬಿತ್ತನೆ ಮುಗಿಸಿದ ತಂದೆ ಮಗನ ಜೊತೆ ತಾವೇ ಬೆಂಗಳೂರಿಗೆ ಹೊರಟರು. ರಾತ್ರಿ ರೈಲಿನಲ್ಲಿ ಹೋಗಿ, ಸಿಟಿ ಮಾರ್ಕೆಟ್ ಹತ್ತಿರದ ಎಸ್.ಪಿ. ರಸ್ತೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಏಳು ಅಂಗಡಿ ಸುತ್ತಿದರಂತೆ. ಹುಡುಗ ಮಾದರಿಯ ಹೆಸರು ಹೇಳುವುದು, ತಂದೆ ಬೆಲೆ ಕೇಳುವುದು. ಕೊನೆಗೆ ಮೂರನೆಯ ಅಂಗಡಿಗೆ ವಾಪಸು ಬಂದು ಅರವತ್ತು ಸಾವಿರದೊಳಗೆ 5070 ಕೊಂಡರು, ಬಿಲ್ಲು ವಾರಂಟಿ ಸಮೇತ. ಪೂರಾ ಹಣ ಹುಡುಗನದೇ. ವಾಪಸು ಬರುವಾಗ ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸದೆ ಕುಳಿತವರು ತಂದೆ.

2025ರ ಅಕ್ಟೋಬರಿನಲ್ಲಿ ನಾವು ಕೊನೆಯ ಸಲ ಆ ಮನೆಗೆ ಹೋದಾಗ ಪರದೆಯ ಮೇಲೆ ಮದುಮಗ ನಿಲ್ಲದೆ ತಾಳಿ ಕಟ್ಟಿದ. ತಂದೆಗೆ ಅದರ ಕಡೆ ಗಮನವಿರಲಿಲ್ಲ. ಹೊಸ ಹಂಗಾಮಿಗೆ ಬೆಂಬಲ ಬೆಲೆ 8,110 ಎಂದು ಸರ್ಕಾರ ಹೇಳಿತ್ತು. ಆದರೆ ಹತ್ತಿ ನಿಗಮದವರಿಗೆ ಮಾರಬೇಕಾದರೆ ಆ ವರ್ಷದಿಂದ ಕಪಾಸ್ ಕಿಸಾನ್ ಎಂಬ ಆ್ಯಪಿನಲ್ಲಿ ಹೆಸರು ಬರೆಸಿ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ತೇವ ನೂರಕ್ಕೆ ಹನ್ನೆರಡು ದಾಟಿದರೆ ತೆಗೆದುಕೊಳ್ಳುವುದಿಲ್ಲ. ಬಿಡಿಸಿದ ಹತ್ತಿ ಪಡಸಾಲೆಯ ತುಂಬಾ ಹರಡಿತ್ತು, ಹೊರಗೆ ಮೋಡ ಕವಿದಿತ್ತು. ಮಗ ಎಡಿಟಿಂಗ್ ನಿಲ್ಲಿಸಿ, ಫೋನು ಹಿಡಿದು ತಂದೆಯ ಆಧಾರ್ ನಂಬರು ಹಾಕುತ್ತಾ ಕುಳಿತಿದ್ದ. ತಂದೆ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಾ ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು, "ಬಂತೇನೋ? ನಮ್ಮ ದಿನ ಬಂತೇನೋ?"